ಐಎಸ್ ಕೋಡನ್ನು ಪಾಯದಿಂದ ಓದಿ: ಜೆಇ (ಜೂನಿಯರ್ ಎಂಜಿನಿಯರ್) ಪರೀಕ್ಷೆಗೆ ಕೂಡುವವರಿಗೆ

ಕಾಂಕ್ರೀಟ್ ಕೆಲಸದ ಭಾರತೀಯ ಮಾನಕವಾದ ಐಎಸ್ 456 ಅನ್ನು ಮೊದಲ ಪುಟದಿಂದ ಓದಲು ಕೂಡಬೇಡಿ. ಬಹಳ ಮಂದಿ ಕೈಬಿಡುವುದು ಅಲ್ಲೇ. ಬೇಕಾದಾಗ ತೆರೆದು ನೋಡಲೆಂದೇ ಕೋಡ್ ಬರೆದದ್ದು, ಆದರೆ ಪರೀಕ್ಷೆಯ ಕೋಣೆಗೆ ಅದನ್ನು ಒಯ್ಯುವ ಹಾಗಿಲ್ಲ. ಹಾಗಾಗಿ ತಲೆಯಲ್ಲಿ ನಿಲ್ಲುವ ಬೇರೊಂದು ಕ್ರಮ ಬೇಕು. ಮನೆ ಏಳುವ ಕ್ರಮವನ್ನೇ ಹಿಡಿಯಿರಿ: ಮಣ್ಣು, ಪಾಯ, ಕಾಲಂ, ಬೀಮು, ಸ್ಲ್ಯಾಬ್, ಮೆಟ್ಟಿಲು.

ನಾನು ಹುಬ್ಬಳ್ಳಿಯ ಗೋಕುಲ ರಸ್ತೆ ಕಡೆ ಸೈಟ್ ಎಂಜಿನಿಯರ್. ಡಿಪ್ಲೊಮಾ ಮುಗಿಸಿದ ಹುಡುಗ ಹುಡುಗಿಯರು ಸಂಜೆ ನವನಗರದ ನಮ್ಮ ಮನೆಗೆ ಬರುತ್ತಾರೆ. ಅವರಿಗೆ ಮೊದಲು ಹೇಳುವ ಮಾತು, ಗೈಡ್ ಕೊಳ್ಳುವ ಮುಂಚೆ ಕೋಡನ್ನೇ ತಗೊಳ್ಳಿ ಅಂತ. ಬಿಐಎಸ್‌ನ (ಭಾರತೀಯ ಮಾನಕ ಬ್ಯೂರೋದ) ಜಾಲತಾಣದಲ್ಲಿ ಹೆಸರು ನೋಂದಾಯಿಸಿದರೆ ಕೋಡುಗಳನ್ನು ದುಡ್ಡಿಲ್ಲದೆ ಇಳಿಸಿಕೊಳ್ಳಬಹುದು. ಗೈಡುಗಳಲ್ಲಿ ಹಳೆಯ ಕೋಡಿನ ಅಂಕಿಗಳು ಇನ್ನೂ ಉಳಿದುಕೊಂಡಿವೆ. ಪರೀಕ್ಷಿಸುವುದು ಸುಲಭ. ಕಾಂಕ್ರೀಟಿನ ಬಿಗಿತ ಹೇಳುವ ಇಲಾಸ್ಟಿಕ್ ಮಾಡ್ಯುಲಸ್‌ಗೆ ಎಫ್‌ಸಿಕೆಯ (ಕಾಂಕ್ರೀಟಿನ ನಿಗದಿತ ಬಲದ) ವರ್ಗಮೂಲವನ್ನು 5700ರಿಂದ ಗುಣಿಸಿ ಎಂದಿದ್ದರೆ ಅದು 1978ರ ಕೋಡು. 2000ದ ಆವೃತ್ತಿಯಲ್ಲಿ ಅದು 5000; ಎಂ25ಕ್ಕೆ, ಅಂದರೆ ಚದರ ಮಿ.ಮೀ.ಗೆ 25 ನ್ಯೂಟನ್ ಬಲದ ಕಾಂಕ್ರೀಟಿಗೆ, 25,000 ಎನ್ನುವುದು ಬಾಯಲ್ಲೇ ಬರಬೇಕು. ಆರ್‌ಸಿಸಿಗೆ (ಕಬ್ಬಿಣ ಹಾಕಿದ ಕಾಂಕ್ರೀಟಿಗೆ) ಎಂ15 ಸಾಕು ಎಂದು ಬರೆದ ಗೈಡನ್ನೂ ಪಕ್ಕಕ್ಕಿಡಿ. ಈಗ ಎಂ20ಗಿಂತ ಕಡಿಮೆ ಇಲ್ಲ.

ಇನ್ನು ಮಣ್ಣು. ಹುಬ್ಬಳ್ಳಿ ದಾಟಿ ನವಲಗುಂದದ ಕಡೆಗೋ ಗದಗದ ಕಡೆಗೋ ಹೋದರೆ ಎರೆಭೂಮಿ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ. ಈ ಉಬ್ಬನ್ನು ಅಳೆಯುವುದೇ ಐಎಸ್ 2720ರ 40ನೇ ಭಾಗ, ಫ್ರೀ ಸ್ವೆಲ್ ಇಂಡೆಕ್ಸ್. ಒಣಗಿಸಿದ ಮಣ್ಣನ್ನು 425 ಮೈಕ್ರಾನ್ ಜರಡಿಯಲ್ಲಿ ಹಾಯಿಸಿ, 10 ಗ್ರಾಂನಂತೆ ಎರಡು 100 ಮಿ.ಲೀ. ಗಾಜಿನ ಸಿಲಿಂಡರಿಗೆ ಹಾಕಬೇಕು. ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ. ಗಾಳಿಗುಳ್ಳೆ ಹೋಗುವಂತೆ ಕಲಕಿ 24 ತಾಸು ಬಿಡಬೇಕು. ಎರೆಮಣ್ಣಿನ ಜೇಡಿ ನೀರನ್ನು ಕುಡಿದು ಉಬ್ಬುತ್ತದೆ, ಸೀಮೆಎಣ್ಣೆಯನ್ನು ಮುಟ್ಟುವುದಿಲ್ಲ. ಮರುದಿನ ಸೀಮೆಎಣ್ಣೆಯಲ್ಲಿ 10 ಮಿ.ಲೀ., ನೀರಿನಲ್ಲಿ 16 ಮಿ.ಲೀ. ಕಂಡರೆ ವ್ಯತ್ಯಾಸ 6. ಅದನ್ನು ಸೀಮೆಎಣ್ಣೆಯ 10ರಿಂದ ಭಾಗಿಸಿದರೆ ಶೇ 60. ಇದನ್ನು ಒಮ್ಮೆ ಕಣ್ಣಾರೆ ನೋಡಿದವರು ಭಾಗಿಸುವುದು ನೀರಿನ ಅಂಕಿಯಿಂದಲೋ ಸೀಮೆಎಣ್ಣೆಯ ಅಂಕಿಯಿಂದಲೋ ಎಂದು ತಡವರಿಸುವುದಿಲ್ಲ. ಇಂಥ ನೆಲದಲ್ಲಿ ಹಾಕುವ ಅಂಡರ್‌ರೀಮ್ಡ್ ಪೈಲ್, ಅಂದರೆ ಬುಡದಲ್ಲಿ ಗಡ್ಡೆಯಂತೆ ಅಗಲವಾಗುವ ಪೈಲ್, ಐಎಸ್ 2911ರ 3ನೇ ಭಾಗದಲ್ಲಿದೆ. ಗಡ್ಡೆಯ ವ್ಯಾಸ ಸಾಮಾನ್ಯವಾಗಿ ಕಾಂಡದ ಎರಡೂವರೆ ಪಟ್ಟು.

ಪಾಯ ಮುಗಿದು ಕಬ್ಬಿಣ ಕಟ್ಟುವ ಹೊತ್ತಿಗೆ ಟೇಪ್ ಹಿಡಿದು ಹತ್ತಿರ ಹೋಗಿ. ನಮ್ಮ ಸೈಟಿನ ಗೌಂಡಿ ಕಾಕಾ ಕವರ್ (ಕಬ್ಬಿಣದ ಮೇಲಿನ ಕಾಂಕ್ರೀಟಿನ ದಪ್ಪ) ಅಳೆಯುವುದು ದಪ್ಪ ರಾಡಿನ ಮೈಯಿಂದ. "ಇಲ್ಲಿಂದ ಬರೋಬ್ಬರಿ 40 ಐತಿ ನೋಡ್ರಿ ಮೇಡಂ" ಅನ್ನುತ್ತಾರೆ. "ರಿಂಗಿನ ಹೊರಮೈಯಿಂದ ಅಳೀರಿ ಕಾಕಾ" ಅಂದರೆ 40 ಇದ್ದದ್ದು 32 ಆಗುತ್ತದೆ, 8 ಮಿ.ಮೀ. ರಿಂಗ್ ನಡುವೆ ಇದೆಯಲ್ಲ. ಕೋಡ್ ಹೇಳುವ ನಾಮಿನಲ್ ಕವರ್ ರಿಂಗನ್ನೂ ಸೇರಿಸಿ ಎಲ್ಲಕ್ಕಿಂತ ಹೊರಗಿನ ಕಬ್ಬಿಣದಿಂದ ಕಾಂಕ್ರೀಟಿನ ಮೈವರೆಗಿನದು. ಕಾಲಂಗೆ 40 ಮಿ.ಮೀ., ಫುಟಿಂಗ್‌ಗೆ 50. ಉಳಿದದ್ದಕ್ಕೆ, ಸುತ್ತಲಿನ ಹವೆ-ನೀರು ಕಾಂಕ್ರೀಟಿಗೆ ಎಷ್ಟು ಕಠಿಣ ಎಂಬುದನ್ನು ನೋಡಿ, 16ನೇ ಕೋಷ್ಟಕ: ಮೈಲ್ಡ್ 20, ಮಾಡರೇಟ್ 30, ಸಿವಿಯರ್ 45, ವೆರಿ ಸಿವಿಯರ್ 50, ಎಕ್ಸ್‌ಟ್ರೀಮ್ 75. ಕೋಷ್ಟಕದ ಕೆಳಗಿನ ಸಣ್ಣಕ್ಷರದ ಟಿಪ್ಪಣಿ ಬಿಡಬೇಡಿ, ಪ್ರಶ್ನೆ ಹುಟ್ಟುವುದೇ ಅಲ್ಲಿ. ಮೈಲ್ಡ್ ಸ್ಥಿತಿಯಲ್ಲಿ ಮುಖ್ಯ ರಾಡ್ 12 ಮಿ.ಮೀ. ಒಳಗಿದ್ದರೆ 5 ಮಿ.ಮೀ. ಕಡಿಮೆ ಮಾಡಬಹುದು. ಸ್ಲ್ಯಾಬಿನ ಕೆಳಗೆ 15 ಬರುವುದು ಹೀಗೆ.

ಕಾಂಕ್ರೀಟ್ ಹಾಕುವ ದಿನ ಕ್ಯೂಬ್ ತುಂಬುವವರ ಪಕ್ಕದಲ್ಲೇ ನಿಲ್ಲಿ. 5 ಘನ ಮೀಟರ್‌ವರೆಗೆ ಒಂದು ಸ್ಯಾಂಪಲ್, 6ರಿಂದ 15ಕ್ಕೆ ಎರಡು, 16ರಿಂದ 30ಕ್ಕೆ ಮೂರು, 31ರಿಂದ 50ಕ್ಕೆ ನಾಲ್ಕು. ಒಂದು ಸ್ಯಾಂಪಲ್ ಅಂದರೆ ಮೂರು ಕ್ಯೂಬ್. 150 ಮಿ.ಮೀ. ಕ್ಯೂಬಿನ ಮೈ 22,500 ಚದರ ಮಿ.ಮೀ.; ಮಷಿನ್ 540 ಕಿಲೋನ್ಯೂಟನ್‌ಗೆ ಒಡೆದರೆ ಬಲ ಚದರ ಮಿ.ಮೀ.ಗೆ 24 ನ್ಯೂಟನ್. ಮೂರು ಕ್ಯೂಬ್ 22, 24, 29 ಬಂದವು ಅನ್ನಿ. ಸರಾಸರಿ 25, ಎಂ20ಗೆ ಚಲೋ ಬಂತು ಎಂದು ಹುಡುಗರು ಖುಷಿಪಡುತ್ತಾರೆ. ಆದರೆ ಪ್ರತಿ ಕ್ಯೂಬೂ ಸರಾಸರಿಯಿಂದ ಶೇ 15ರ ಒಳಗಿರಬೇಕು, ಅಂದರೆ 21.25ರಿಂದ 28.75. 29 ಹೊರಗೆ ಬಿತ್ತು, ಆ ಸ್ಯಾಂಪಲ್ ಫಲಿತಾಂಶ ನಡೆಯುವುದಿಲ್ಲ. ಹೆಚ್ಚು ಬಂದ ಕ್ಯೂಬಿನಿಂದಲೂ ಸ್ಯಾಂಪಲ್ ಬೀಳುತ್ತದೆ ಎಂಬುದನ್ನು ಗಟ್ಟಿ ಹಿಡಿದುಕೊಳ್ಳಿ.

ಸೆಂಟ್ರಿಂಗ್ ಬಿಚ್ಚುವ ದಿನಗಳನ್ನು ಅಂಕಕ್ಕಾಗಿ ಮಾತ್ರ ಕಲಿಯಬೇಡಿ ಎಂದು ಕೈಮುಗಿದು ಕೇಳುತ್ತೇನೆ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ಸತ್ತರು. ಕಟ್ಟಡ ಅಂದರೆ ಅದರೊಳಗಿನ ಜನ. ಸ್ಲ್ಯಾಬಿನ ಆಧಾರ ಕಂಬ 4.5 ಮೀಟರ್ ಸ್ಪ್ಯಾನ್‌ವರೆಗೆ 7 ದಿನ, ಅದಕ್ಕೂ ಹೆಚ್ಚಿದ್ದರೆ 14. ಬೀಮಿಗೆ 6 ಮೀಟರ್‌ವರೆಗೆ 14, ಮೇಲಾದರೆ 21. ಇವು ಒಪಿಸಿಗೆ, ಅಂದರೆ ಸಾದಾ ಸಿಮೆಂಟಿಗೆ, ಹೇಳಿದ ದಿನಗಳು. ನಮ್ಮ ಕಡೆ ಮನೆಗೆ ಬರುವ ಚೀಲ ಹೆಚ್ಚಾಗಿ ಪಿಪಿಸಿ (ಹಾರುಬೂದಿ ಬೆರೆಸಿದ ಸಿಮೆಂಟ್), ಅದು ನಿಧಾನ ಬಲ ಹಿಡಿಯುತ್ತದೆ, ಕಂಬ ಇನ್ನಷ್ಟು ದಿನ ಇರಬೇಕು. ಕ್ಯೂರಿಂಗಿನಲ್ಲೂ ಅದೇ: ಒಪಿಸಿಗೆ ಕನಿಷ್ಠ 7 ದಿನ, ಪಿಪಿಸಿಗೆ 10, ಬಿಸಿಲು ಒಣಹವೆಯಲ್ಲಿ ಯಾವುದಕ್ಕಾದರೂ 10.

ಲೋಡಿಗೆ ಐಎಸ್ 875ರ 2ನೇ ಭಾಗ. ಮನೆಯ ಕೋಣೆಗೆ ಚದರ ಮೀಟರಿಗೆ 2 ಕಿಲೋನ್ಯೂಟನ್, ಮೆಟ್ಟಿಲು, ಬಾಲ್ಕನಿಗೆ 3, ಹತ್ತಿ ಓಡಾಡುವ ಛಾವಣಿಗೆ 1.5. ಭೂಕಂಪಕ್ಕೆ ಐಎಸ್ 1893. 2016ರ ಆವೃತ್ತಿಯಲ್ಲಿ ಬೆಂಗಳೂರು ಎರಡನೇ ವಲಯ, ವಲಯದ ಗುಣಾಂಕ 0.10, ಧಾರವಾಡ ಮೂರನೆಯದು, 0.16. ನಮ್ಮೂರಿಗೆ ರಾಜಧಾನಿಗಿಂತ ಹೆಚ್ಚು ಜಾಗ್ರತೆ ಬೇಕು ಅಂದಾಗ ಹುಡುಗರು ತಲೆ ಎತ್ತಿ ನೋಡುತ್ತಾರೆ. ಕೋಣೆ, ಮೆಟ್ಟಿಲಿನ ಅಳತೆಗೆ 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ 3ನೇ ಭಾಗ. ಮನೆಯ ಮೆಟ್ಟಿಲಿನ ಎತ್ತರ 190 ಮಿ.ಮೀ. ಮೀರಬಾರದು, ಕಾಲಿಡುವ ಅಗಲ 250ಕ್ಕಿಂತ ಕೆಳಗೆ ಇಳಿಯಬಾರದು. ನಿಮ್ಮ ಮನೆಯ ಮೆಟ್ಟಿಲನ್ನು ಇವತ್ತೇ ಅಳೆಯಿರಿ, ಮರೆಯುವುದಿಲ್ಲ. ಈ ಸಂಹಿತೆ ಸಲಹೆಯ ರೂಪದ್ದು. ನಕ್ಷೆ ಮಂಜೂರಿಗೆ ಪಾಲಿಕೆಯ ನಿಯಮವೇ ಕೊನೆ. ಪ್ರಶ್ನೆ ಯಾವುದರ ಬಗ್ಗೆ ಎಂದು ಓದಿಯೇ ಉತ್ತರಿಸಿ.

ಕನ್ನಡ ಮಾಧ್ಯಮದಿಂದ ಬಂದವರು ಕೋಡಿನ ಇಂಗ್ಲಿಷಿಗೆ ಅಂಜಬೇಡಿ. ಒಂದು ನೋಟ್‌ಬುಕ್ಕಿನ ಎಡಪುಟದಲ್ಲಿ ಅಂಕಿ ಮತ್ತು ಕ್ಲಾಜ್ (ಕೋಡಿನ ಕಲಮು) ನಂಬರ್, ಬಲಪುಟದಲ್ಲಿ ಅದು ಯಾಕೆ ಎಂದು ನಿಮ್ಮದೇ ಕನ್ನಡದಲ್ಲಿ ಎರಡು ಸಾಲು ಬರೆಯಿರಿ. ಯಾಕೆ ಎಂಬುದು ಬರೆಯಲಾಗದಿದ್ದರೆ ಆ ಅಂಕಿ ಇನ್ನೂ ನಿಮ್ಮದಾಗಿಲ್ಲ, ಮರುದಿನ ಸೈಟಿನಲ್ಲಿ ಯಾರನ್ನಾದರೂ ಕೇಳಿ.

ಎಸ್‌ಎಸ್‌ಸಿ (ಕೇಂದ್ರದ ಸಿಬ್ಬಂದಿ ನೇಮಕಾತಿ ಆಯೋಗ) ಜೆಇಯ ಮೊದಲ ಪತ್ರಿಕೆಯಲ್ಲಿ ಎರಡು ತಾಸಿಗೆ 200 ಪ್ರಶ್ನೆ, ಸಿವಿಲ್‌ನದು 100. ತಪ್ಪಿಗೆ ಕಾಲು ಅಂಕ ಹೋಗುತ್ತದೆ. ಎರಡನೆಯದರಲ್ಲಿ 100 ಪ್ರಶ್ನೆ, ಸರಿಗೆ 3 ಅಂಕ, ತಪ್ಪಿಗೆ 1 ಕಡಿತ. ಈ ಎರಡನೆಯದರಲ್ಲಿ ನಾಲ್ಕು ಆಯ್ಕೆಯಲ್ಲಿ ಕಣ್ಣುಮುಚ್ಚಿ ಒತ್ತಿದರೆ ಲೆಕ್ಕದಲ್ಲಿ ಲಾಭವೂ ಇಲ್ಲ, ನಷ್ಟವೂ ಇಲ್ಲ. ಎರಡನ್ನು ಖಂಡಿತ ತಳ್ಳಿಹಾಕಬಲ್ಲಿರಾದರೆ ಸರಾಸರಿ 1 ಅಂಕ ನಿಮ್ಮ ಕಡೆಗೆ ಬರುತ್ತದೆ, ಒತ್ತಿ. ಕವರ್ ಕೇಳಿದ ಪ್ರಶ್ನೆಯಲ್ಲಿ ಕಾಲಂಗೆ 15 ಮತ್ತು 100 ಕೊಟ್ಟಿದ್ದರೆ, ಸೈಟಿನಲ್ಲಿ ಟೇಪ್ ಹಿಡಿದವರು ಆ ಎರಡನ್ನು ಒಂದೇ ನೋಟಕ್ಕೆ ಹೊಡೆದುಹಾಕುತ್ತಾರೆ.