ಹಳೆಯದಕ್ಕೊಂದು ಕೆಲಸ ಕೊಡಿ

ನಮ್ಮ ಜಗಲಿಯಲ್ಲಿ ಮಾವನವರ ಕಾಲದ ಹಿತ್ತಾಳೆಯ ಕವಳದ ಪೆಟ್ಟಿಗೆ ಇದೆ. ಎಲೆಗೊಂದು ಜಾಗ, ಅಡಿಕೆಗೊಂದು ಗೂಡು, ಸುಣ್ಣಕ್ಕೊಂದು ಪುಟ್ಟ ಡಬ್ಬಿ. ಈಗ ಮನೆಯಲ್ಲಿ ಕವಳ ಹಾಕುವವಳು ನಾನೊಬ್ಬಳೇ, ನನಗೆ ಸೊಂಟದ ಸಂಚಿ ಸಾಕು. ಹಾಗಾಗಿ ಎಲೆಯ ಜಾಗದಲ್ಲಿ ಮಗನ ಮೊಬೈಲು ಮಲಗುತ್ತದೆ, ಅಡಿಕೆಯ ಗೂಡಲ್ಲಿ ಸ್ಕೂಟರಿನ ಕೀಲಿಕೈ, ಸುಣ್ಣದ ಡಬ್ಬಿಯಲ್ಲಿ (ಚೆನ್ನಾಗಿ ತೊಳೆದ ಮೇಲೆ, ಮತ್ತೆ) ಸೊಸೆಯ ಇಯರ್‌ಫೋನು. ಬಂದವರೆಲ್ಲ ಅದನ್ನೇ ನೋಡಿ ಹೊಗಳುತ್ತಾರೆ. ಹತ್ತು ವರ್ಷ ಶೋಕೇಸಿನಲ್ಲಿ ಇಟ್ಟಿದ್ದಾಗ ಒಬ್ಬರೂ ತಿರುಗಿ ನೋಡಿರಲಿಲ್ಲ.

ಮಗ ಬೆಂಗಳೂರಿನಿಂದ ಬಂದು ಮನೆಯಿಂದಲೇ ಕೆಲಸ ಮಾಡುತ್ತೇನೆ ಎಂದಾಗ ಜಗಲಿಯ ಪಕ್ಕದ ಕೋಣೆಯನ್ನು ಹೊಸದು ಮಾಡಲು ಹೊರಟೆವು. ಹಳೆಯದೂ ಇರಬೇಕು, ಹೊಸದೂ ಬೇಕು ಎಂಬ ಆಸೆ ಅವನದು. ಅಟ್ಟದಿಂದ ಒಂದೊಂದೇ ಇಳಿಸುತ್ತ, "ಆಯಿ, ಇದನ್ನ ಗೋಡೆಗೆ ಹಾಕನ" ಎನ್ನುತ್ತಿದ್ದ. ಕೊಳಗ, ಸಿದ್ದೆ, ಕಡೆಗೋಲು, ಲಾಟೀನು, ಕಡೆಗೆ ಮೆಟ್ಟುಗತ್ತಿಯೂ. ಮಕ್ಕಳು ಓಡಾಡುವ ಮನೆಯಲ್ಲಿ ಗೋಡೆಗೆ ಕತ್ತಿ ಹಾಕುವುದು ಯಾವ ಚಂದವೋ! ಅದನ್ನು ಅಲ್ಲೇ ತಡೆದೆ.

ಶಿರಸಿ ಸೀಮೆಯ ಮಳೆಗಾಲ ಕಂಡವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಕೈ ತಾಗದ ವಸ್ತುವಿಗೆಲ್ಲ ಬೂಷ್ಟು. ಗೋಡೆಯ ಮೇಲೆ ಮೂವತ್ತು ಸಾಮಾನು ನೇತುಹಾಕಿದರೆ ಮೂವತ್ತನ್ನೂ ವಾರಕ್ಕೊಮ್ಮೆ ಒರೆಸಬೇಕು, ಒರೆಸುವವರು ಯಾರು? ದಿನವೂ ಮುಟ್ಟುವ ವಸ್ತುವಿಗೆ ಆ ತಾಪತ್ರಯ ಇಲ್ಲ. ಅದಕ್ಕೇ ನಾನೊಂದು ಕರಾರು ಹಾಕಿದೆ: ಅಟ್ಟದಿಂದ ಇಳಿದದ್ದು ಕೋಣೆಯಲ್ಲಿ ಉಳಿಯಬೇಕಾದರೆ ಏನಾದರೂ ಕೆಲಸ ಮಾಡಬೇಕು. ಕೊಳಗ ಕಾಗದದ ಬುಟ್ಟಿಯಾಯಿತು. ಸಿದ್ದೆಯಲ್ಲಿ ಪೆನ್ನು, ಕತ್ತರಿ. ಕಡೆಗೋಲಿಗೆ ಕೆಲಸ ಸಿಗಲಿಲ್ಲ, ಅಡುಗೆಮನೆಗೆ ವಾಪಸು.

ಮರದ ಪೆಟ್ಟಿಗೆಯದೇ ದೊಡ್ಡ ಕಥೆ. ಬೀಟೆ ಮರದ್ದು, ನಾನು ಮದುವೆಯಾಗಿ ಬಂದಾಗಲೇ ಹಳತಾಗಿತ್ತು. ಸೋಫಾದ ಎದುರಿಗೆ ಇಟ್ಟರೆ ಅದೇ ಟೀಪಾಯಿ, ಒಳಗೆ ಹಾಸಿಗೆ ಬಟ್ಟೆ. ಆದರೆ ಅದಕ್ಕೆ ಕನ್ನಡಿಯ ಹಾಗೆ ಹೊಳೆಯುವ ಪಾಲಿಶ್ ಹೊಡೆಸಬೇಡಿ. ಹಳೆಯ ಮರದ ಅಂದವೇ ಅದರ ಮಬ್ಬು. ಒದ್ದೆ ಬಟ್ಟೆ ಹಿಂಡಿ ಒರೆಸಿ, ಎರಡು ದಿನ ನೆರಳಿನಲ್ಲಿ ಒಣಗಿಸಿ, ಆಮೇಲೆ ಜೇನುಮೇಣ ಬೆರೆಸಿದ ಎಣ್ಣೆಯನ್ನು ತೆಳ್ಳಗೆ ತಿಕ್ಕಿ. ಒರಲೆಯ ಹೆದರಿಕೆ ಇದ್ದರೆ ತಳಕ್ಕೆ, ಹಿಂಬದಿಗೆ ಮಾತ್ರ ಗೇರೆಣ್ಣೆ (ಗೇರುಬೀಜದ ಸಿಪ್ಪೆಯಿಂದ ತೆಗೆದ ಎಣ್ಣೆ) ಬಳಿಸಿ. ನಮ್ಮಲ್ಲಿ ಪಕಾಸಿಗೆ, ತೊಲೆಗೆ ಹಿಂದಿನಿಂದಲೂ ಬಳಿಯುತ್ತಿದ್ದದ್ದು ಅದನ್ನೇ. ಬರಿಗೈಯಲ್ಲಿ ಮಾತ್ರ ಮುಟ್ಟಬೇಡಿ, ಚರ್ಮ ಸುಟ್ಟು ಗುಳ್ಳೆ ಏಳುತ್ತದೆ. ಮರವನ್ನೂ ಕಪ್ಪು ಮಾಡುತ್ತದೆ, ಹಾಗಾಗಿ ಪೆಟ್ಟಿಗೆಯ ಎದುರು ಮೈಗೆ ಬೇಡ. ಪೆಟ್ಟಿಗೆಯ ನಾಲ್ಕು ಮೂಲೆಗೂ ಒಂದೊಂದು ತುಂಡು ಹಂಚು ಕೊಟ್ಟು ನೆಲದಿಂದ ಎತ್ತಿಡಿ, ಅಡಿಗೆ ಗಾಳಿ ಆಡಲಿ.

ಇನ್ನು ಗೋಡೆ. ಇಲ್ಲಿ ನಾವು ದುಡ್ಡು ಕಳೆದುಕೊಂಡೆವು. ಹಳೇ ಕಾಲದ ಹೂಬಳ್ಳಿಯ ಚಿತ್ತಾರ ಇರುವ ವಾಲ್‌ಪೇಪರು ನೋಡಿ ಸೊಸೆ ಮರುಳಾದಳು. ಅಂಟಿಸಿ ಹೋದವನು ಹತ್ತು ವರ್ಷ ಬರುತ್ತದೆ ಎಂದಿದ್ದ, ಆಷಾಢ ಬರುವಷ್ಟರಲ್ಲಿ ಮೂಲೆ ಎದ್ದಿತು. ಎಳೆದು ನೋಡಿದರೆ ಹಿಂದೆ ಗೋಡೆಯೇ ಕಾಣದಷ್ಟು ಕಪ್ಪು ಬೂಷ್ಟು. ನಮ್ಮದು ಮಣ್ಣಿನ ಗೋಡೆ, ಮೇಲೆ ಸುಣ್ಣದ ಗಾರೆ. ಮಳೆಗಾಲದಲ್ಲಿ ಅದು ತೇವ ಹೀರಿಕೊಂಡು ಬಿಸಿಲಿಗೆ ಬಿಟ್ಟುಕೊಡಬೇಕು. ಮೇಲೆ ಪ್ಲಾಸ್ಟಿಕ್ಕಿನಂಥ ಪದರ ಕೂತರೆ ತೇವ ಒಳಗೇ ಉಳಿಯುತ್ತದೆ. ಪ್ಲಾಸ್ಟಿಕ್ ಪೇಂಟಿನದೂ ಅದೇ ಹಣೆಬರಹ, ಗುಳ್ಳೆ ಬಂದು ಹಕ್ಕಳೆ ಏಳುತ್ತದೆ. ಕಡೆಗೆ ಎಲ್ಲ ಕೆರೆದು ಸುಣ್ಣ ಹೊಡೆಸಿದೆವು. ಸುಣ್ಣದ ಖಾರಕ್ಕೆ ಬೂಷ್ಟೂ ಅಷ್ಟಾಗಿ ಹತ್ತಿರ ಬರುವುದಿಲ್ಲ. ಕೆಂಪು ಕಾವಿ ನೆಲ, ಕಪ್ಪು ಮರ, ಬಿಳಿ ಗೋಡೆ: ಈ ಮೂರರ ನಡುವೆ ಎಂಥ ಹೊಸ ಸಾಮಾನು ಇಟ್ಟರೂ ಹೊಂದಿಕೊಳ್ಳುತ್ತದೆ. ಚಿತ್ತಾರವೇ ಬೇಕು ಅನ್ನಿಸಿದರೆ ದೀವರ ಹೆಂಗಸರು ಬರೆಯುವ ಹಸೆ ಚಿತ್ತಾರ ಇದೆಯಲ್ಲ. ಕೆಮ್ಮಣ್ಣಿನ ಮೇಲೆ ಅಕ್ಕಿಹಿಟ್ಟಿನ ಬಿಳಿ ಗೆರೆ, ಪುಂಡಿನಾರಿನ ಕುಂಚ. ಹಲಗೆಯ ಮೇಲೆ ಬರೆಸಿ ಒಂದೇ ಒಂದು ಹಾಕಿ, ಅದರ ಸುತ್ತ ಬೇರೇನೂ ಬೇಡ.

ಹೊಸ ಸೋಫಾದ ಬೂದು ಬಣ್ಣ ನನಗೆ ಮೊದಲು ಹಿಡಿಸಲಿಲ್ಲ, ಆಸ್ಪತ್ರೆಯ ಹಾಗೆ ಕಂಡಿತು. ಅದರ ಬೆನ್ನ ಮೇಲೆ ಸಿದ್ದಿ ಹೆಂಗಸರು ಹೊಲಿದ ಕೌದಿ ಹಾಸಿದ ಮೇಲೆ ಕೋಣೆಗೆ ಜೀವ ಬಂತು. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆ ಈಗಲೂ ಹೊಲಿಯುತ್ತಾರೆ. ಹಳೆ ಸೀರೆ, ಅಂಗಿಯ ತುಂಡುಗಳನ್ನು ಅಂಚಿನಿಂದ ಶುರುಮಾಡಿ ಸುತ್ತುತ್ತ ನಡುವಿಗೆ ಬರುತ್ತಾರೆ, ನಾಲ್ಕು ಮೂಲೆಗೆ ಪುಟ್ಟ ತ್ರಿಕೋನದ ಹೂವು. ನಿಮ್ಮದೇ ಹಳೆ ಸೀರೆ ಕೊಟ್ಟು ಹೊಲಿಸಿದರೆ ಇನ್ನೂ ಒಳ್ಳೆಯದು. ನನ್ನ ಹಸಿರು ಇಳಕಲ್ ಸೀರೆಯ ಸೆರಗು ಅದರಲ್ಲಿ ಎಡಗಡೆ ಮೂಲೆಯಲ್ಲಿದೆ.

ಬೆಳಕಿಗೆ ಸೂರಿನ ಎರಡು ಹಂಚು ತೆಗೆಸಿ ಗಾಜಿನ ಹಂಚು ಇಡಿಸಿದೆವು. ಮೇಜಿನ ನೇರಕ್ಕೆ ಇಡಿಸಬೇಡಿ, ಹನ್ನೆರಡು ಗಂಟೆಗೆ ಲ್ಯಾಪ್‌ಟಾಪಿನ ಮೇಲೆ ಬಿಸಿಲು ಬೀಳುತ್ತದೆ. ರಾತ್ರಿಗೆ ಹಳದಿ ಎಲ್‌ಇಡಿ ಬಲ್ಬು, ಡಬ್ಬಿಯ ಮೇಲೆ 2700 ಕೆಲ್ವಿನ್ ಎಂದಿರುವುದು. 6500ರ ಬಿಳಿ ಬೆಳಕಿನಲ್ಲಿ ಬೀಟೆಯೂ ತಗಡಿನ ಹಾಗೆ ಕಾಣುತ್ತದೆ. ಲಾಟೀನಿನೊಳಗೆ ಬಲ್ಬು ಕೂರಿಸುವುದಾದರೆ, ಹಳೆಯ ರೇಡಿಯೋ ಹಾಡಿಸುವುದಾದರೆ, ಒಳಗಿನ ವಯರು, ಪ್ಲಗ್ಗು ಎಲ್ಲ ಹೊಸದೇ ಇರಲಿ. ಬಟ್ಟೆ ಸುತ್ತಿದ ಹಳೆಯ ವಯರಿನ ವಿಷಯದಲ್ಲಿ ಮಮಕಾರ ಬೇಡ.

ಕಾರವಾರದಲ್ಲಿ ಕಡಲ ಹತ್ತಿರ ಇರುವ ನನ್ನ ತಂಗಿಯ ಮನೆಯ ಸಂಕಟವೇ ಬೇರೆ. ಉಪ್ಪುಗಾಳಿಗೆ ಕಬ್ಬಿಣದ ಕಾಲಿನ ಹೊಸ ಮೇಜು ಎರಡೇ ವರ್ಷಕ್ಕೆ ತುಕ್ಕು. ಅಲ್ಲಿನವರು ಪೂರ್ತಿ ಮರದ್ದೇ ಮಾಡಿಸುವುದು ಲೇಸು. ಹಿತ್ತಾಳೆಯೂ ಬೇಗ ಕಪ್ಪಾಗುತ್ತದೆ, ಆದರೆ ಅವಳ ಹಿತ್ತಲಲ್ಲಿ ಬಿಂಬುಳಿ ಮರ ಇದೆ. ಕಾಯಿ ಜಜ್ಜಿ ತಿಕ್ಕಿದರೆ ಹುಣಸೆಹಣ್ಣೂ ಬೇಡ.

ಹೊಸ ಕಪಾಟಿಗೆ ಪ್ಲೈವುಡ್ ತರುವಾಗ ಐಎಸ್ 710 ಎಂಬ ಮುದ್ರೆ ನೋಡಿ, ನೀರು ತಾಳುವುದು ಅದು. 303 ಎಂದಿದ್ದರೆ ಅಷ್ಟು ತಾಳಿಕೆ ಇಲ್ಲ. ಗೋಡೆಗೆ ಅಂಟಿಸದೆ ಎರಡು ಬೆರಳು ಬಿಟ್ಟು ನಿಲ್ಲಿಸಿ.

ಆಚಾರಿಗೆ ಇನ್ನೊಂದು ಮಾತು ಮೊದಲೇ ಹೇಳಿಬಿಡಿ. ಮರಗೆಲಸ ನಡೆಯುವುದು ಅಡಿಕೆ ಕೊಯ್ಲು ಮುಗಿದ ಮೇಲೆ, ಬೇಸಿಗೆಯಲ್ಲಿ. ಆಗ ಮರ ಒಣಗಿ ಸೊರಗಿರುತ್ತದೆ, ಡ್ರಾಯರು ಚೊಕ್ಕ ಕೂರುತ್ತದೆ, ನಾವೂ ಖುಷಿಪಡುತ್ತೇವೆ. ಮಳೆ ಹಿಡಿದರೆ ಅದೇ ಮರ ಉಬ್ಬುತ್ತದೆ. ಅದಕ್ಕೆ ಸುತ್ತ ಒಂದು ದಪ್ಪ ರಟ್ಟು ಹಿಡಿಯುವಷ್ಟು ಸಂದಿ ಬಿಡಿಸಿ. ನಾನು ಹೇಳಲು ಮರೆತೆ. ಸೊಸೆಯ ಪಾಸ್‌ಪೋರ್ಟು ಜೂನ್ ತಿಂಗಳಿಂದ ಮೇಲಿನ ಡ್ರಾಯರಿನಲ್ಲಿದೆ. "ದೀಪಾವಳಿವರೆಗೆ ನಾನು ಎಲ್ಲಿಗೂ ಹೋಪ ಹಾಂಗಿಲ್ಲೆ, ಅತ್ತೆ" ಎನ್ನುತ್ತಾಳೆ.