ಸಾಂಟಾ ಕ್ಲಾರಾ ಕೌಂಟಿ ಪಾರ್ಕುಗಳಲ್ಲಿ ನಡಿಗೆ: ಯಾವ ತಿಂಗಳು ಯಾವ ಗುಡ್ಡ, ಎಷ್ಟು ನೀರು

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ, ಸನಿವೇಲ್, ಕುಪರ್ಟಿನೊ, ಮಿಲ್ಪಿಟಸ್, ಇವುಗಳಲ್ಲಿ ಎಲ್ಲಿದ್ದರೂ ಅರ್ಧ ಗಂಟೆ ಕಾರಿನಲ್ಲಿ ಹೋದರೆ ಒಂದಲ್ಲ ಒಂದು ಕೌಂಟಿ ಪಾರ್ಕ್ ಸಿಗುತ್ತದೆ. ಒಟ್ಟು 28 ಪಾರ್ಕುಗಳು, 50 ಸಾವಿರ ಎಕರೆಗೂ ಹೆಚ್ಚು ಜಾಗ. 1972ರಲ್ಲಿ ಇಲ್ಲಿನ ಮತದಾರರು ಆಸ್ತಿ ತೆರಿಗೆಯ ಒಂದು ಪಾಲನ್ನು ಪಾರ್ಕುಗಳಿಗೆಂದೇ ಮೀಸಲಿಡಲು ಒಪ್ಪಿದ್ದರಿಂದ ಇಷ್ಟು ಜಾಗ ಉಳಿದಿದೆ. ಹೀಗಿದ್ದೂ ನಮ್ಮವರಲ್ಲಿ ಬಹಳ ಮಂದಿ ರಾಂಚೊ ಸ್ಯಾನ್ ಆಂಟೊನಿಯೊ ಬಿಟ್ಟರೆ ಬೇರೆ ಕಡೆ ಹೋಗಿರುವುದಿಲ್ಲ. ಹೋದವರೂ ಜುಲೈ ಮಧ್ಯಾಹ್ನ ನೆರಳಿಲ್ಲದ ಗುಡ್ಡ ಹತ್ತಿ, ಸುಸ್ತಾಗಿ, ಮತ್ತೆ ಆ ಕಡೆ ತಲೆ ಹಾಕುವುದಿಲ್ಲ. ತಪ್ಪು ಗುಡ್ಡದ್ದಲ್ಲ, ತಿಂಗಳಿನದು.

ಮೊದಲು ಈ ಊರುಗಳಿರುವ ಕಣಿವೆಯ ಎರಡು ಬದಿಗಳನ್ನು ಬೇರೆಬೇರೆಯಾಗಿ ನೋಡಿ. ಪಶ್ಚಿಮಕ್ಕೆ ಸಾಂಟಾ ಕ್ರೂಜ್ ಬೆಟ್ಟಗಳು. ಕಡಲ ಕಡೆಯ ತೇವ ಇಲ್ಲಿಗೆ ತಲುಪುವುದರಿಂದ ರೆಡ್‌ವುಡ್, ಬೇ, ಮ್ಯಾಡ್ರೋನ್ ಮರಗಳ ದಟ್ಟ ನೆರಳು. ಸ್ಯಾನ್‌ಬಾರ್ನ್, ಮೌಂಟ್ ಮಡೋನಾ, ಉವಾಸ್ ಕ್ಯಾನಿಯನ್ ಈ ಬದಿಯವು. ಪೂರ್ವಕ್ಕೆ ಡಯಾಬ್ಲೊ ಶ್ರೇಣಿ: ಹುಲ್ಲುಗಾವಲು, ಅಲ್ಲಲ್ಲಿ ಒಂಟಿ ಓಕ್ ಮರಗಳು, ತಲೆಯ ಮೇಲೆ ಬರೀ ಆಕಾಶ. ಎಡ್ ಲೆವಿನ್, ಜೋಸೆಫ್ ಗ್ರಾಂಟ್, ಕೊಯೋಟಿ ಲೇಕ್ ಈ ಬದಿಗೆ ಸೇರುತ್ತವೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಪಶ್ಚಿಮಕ್ಕೆ ಹೋಗಿ. ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ ಪೂರ್ವದ ಗುಡ್ಡಗಳು ಹಸಿರಾಗಿ, ಕ್ಯಾಲಿಫೋರ್ನಿಯಾ ಪಾಪಿ, ಲೂಪಿನ್ ಹೂಗಳಿಂದ ತುಂಬುತ್ತವೆ. ಆ ಎರಡು ತಿಂಗಳು ಬೇರೆಲ್ಲೂ ಹೋಗಬೇಡಿ ಎಂದೇ ಹೇಳಬೇಕು. ಊರಿನಿಂದ ಅಪ್ಪ ಅಮ್ಮ ಬರುವುದಿದ್ದರೆ, ಸಾಧ್ಯವಾದರೆ ಮಾರ್ಚ್‌ಗೇ ಟಿಕೆಟ್ ಮಾಡಿಸಿ.

ಹೊರಡುವ ಮುನ್ನ: ಜಾಗ ಯಾರದು, ಗೇಟು ಯಾವುದು

ಒಂದೇ ಗುಡ್ಡದ ಮೇಲೆ ಮೂರು ಆಡಳಿತಗಳ ಜಾಗ ಒಂದಕ್ಕೊಂದು ಅಂಟಿಕೊಂಡಿರುವುದು ಇಲ್ಲಿ ಸಾಮಾನ್ಯ. ಕೌಂಟಿ ಪಾರ್ಕ್, ಮಿಡ್‌ಪೆನ್ ಎಂದು ಕರೆಯುವ ಓಪನ್ ಸ್ಪೇಸ್ ಡಿಸ್ಟ್ರಿಕ್ಟ್‌ನ (ಬಯಲು, ಕಾಡು ಕಾಯುವ ಸಾರ್ವಜನಿಕ ಸಂಸ್ಥೆ) ಜಾಗ, ಸ್ಟೇಟ್ ಪಾರ್ಕ್, ಇವುಗಳ ನಿಯಮ ಬೇರೆಬೇರೆ. ಒಂದರಲ್ಲಿ ನಾಯಿ ಒಯ್ಯಬಹುದು, ಪಕ್ಕದ್ದರಲ್ಲಿ ಕೂಡದು. ಒಂದರ ಪಾಸ್ ಇನ್ನೊಂದರಲ್ಲಿ ನಡೆಯುವುದಿಲ್ಲ. ಆದ್ದರಿಂದ ಟ್ರೇಲ್ (ನಡಿಗೆಯ ದಾರಿ) ಹೆಸರಿಗಿಂತ ಮೊದಲು ಜಾಗ ಯಾರದು ಎಂದು ತಿಳಿದುಕೊಂಡು, ಅವರದೇ ವೆಬ್‌ಸೈಟ್‌ನಲ್ಲಿ ಅಂದಿನ ಸೂಚನೆ ನೋಡಿ. ಮಳೆಗೆ ಮಣ್ಣು ಕುಸಿದು ದಾರಿ ಮುಚ್ಚಿರಬಹುದು, ಬೆಂಕಿಯ ಅಪಾಯದ ದಿನಗಳಲ್ಲಿ ಬಾರ್ಬೆಕ್ಯೂ ನಿಷೇಧಿಸಿರಬಹುದು. ಬೇರೆ ಆ್ಯಪ್‌ಗಳಲ್ಲಿ ಇದು ತಡವಾಗಿ ಬರುತ್ತದೆ, ಅಥವಾ ಬರುವುದೇ ಇಲ್ಲ.

ಆಮೇಲೆ ಗೇಟು. ಆಲ್ಮಡೆನ್ ಕ್ವಿಕ್‌ಸಿಲ್ವರ್ ಪಾರ್ಕಿಗೆ ಹಸಿಯೆಂಡಾ, ಮಾಕಿಂಗ್‌ಬರ್ಡ್ ಹಿಲ್, ಮೆಕಾಬಿ ಎಂಬ ಪ್ರತ್ಯೇಕ ಪ್ರವೇಶಗಳಿವೆ. ಒಂದರಿಂದ ಇನ್ನೊಂದಕ್ಕೆ ಕಾರಿನಲ್ಲೇ ಹೋಗಬೇಕು. ಮ್ಯಾಪಿನಲ್ಲಿ ಪಾರ್ಕಿನ ಹೆಸರಷ್ಟೇ ಹಾಕಿದರೆ ಎರಡು ಕುಟುಂಬಗಳು ಎರಡು ಗೇಟಿನಲ್ಲಿ ನಿಂತು ಒಬ್ಬರಿಗೊಬ್ಬರು ಕಾಯುವುದು ಖಚಿತ. ಗೇಟಿನ ಹೆಸರನ್ನೇ ಹಾಕಿ, ಅದನ್ನೇ ಗುಂಪಿಗೆ ಕಳಿಸಿ.

ಕೆಲವು ಪಾರ್ಕುಗಳಲ್ಲಿ ಕಾರಿಗೆ ಶುಲ್ಕವಿದೆ, ಕೆಲವೆಡೆ ಇಲ್ಲ. ತಿಂಗಳಿಗೆ ಎರಡು ಸಲ ಹೋಗುವವರಿಗೆ ವಾರ್ಷಿಕ ಪಾಸ್ ಲಾಭ. ಹತ್ತಿರದ ಸಾರ್ವಜನಿಕ ಗ್ರಂಥಾಲಯದಲ್ಲಿ ಪುಸ್ತಕದಂತೆ ಎರವಲು ಕೊಡುವ ಪಾರ್ಕ್ ಪಾಸ್ ಇದೆಯೇ ಎಂದೂ ಕೇಳಿ ನೋಡಿ. ಉವಾಸ್ ಕ್ಯಾನಿಯನ್‌ಗೆ ವಾರಾಂತ್ಯದಲ್ಲಿ ಹೋಗುವುದಾದರೆ ಪಾರ್ಕಿಂಗ್ ಜಾಗವನ್ನು ಮುಂಚೆಯೇ ಕಾಯ್ದಿರಿಸಬೇಕು. ಇಕ್ಕಟ್ಟಿನ ರಸ್ತೆಯ ಕೊನೆಯಲ್ಲಿರುವ ಪಾರ್ಕ್ ಅದು. ಕಾಯ್ದಿರಿಸದೆ ಹೋದರೆ ಅಷ್ಟು ದೂರ ಬಂದು ವಾಪಸ್ ತಿರುಗಬೇಕಾಗುತ್ತದೆ.

ಮೈಲಿಗಿಂತ ಏರು ಮುಖ್ಯ

ನಕ್ಷೆಯಲ್ಲಿ ಎಲ್ಲರ ಕಣ್ಣು ಮೊದಲು ಹೋಗುವುದು ಮೈಲಿಗೆ. ಆದರೆ ಮೊಣಕಾಲಿಗೆ ಗೊತ್ತಾಗುವುದು ಅಡಿಯ ಲೆಕ್ಕ. ಮಕ್ಕಳು ಮರಿ ಜೊತೆಗಿದ್ದರೆ ಗಂಟೆಗೆ 2 ಮೈಲಿ ಎಂದು ಹಿಡಿಯಿರಿ. ಪ್ರತಿ 1,000 ಅಡಿ ಏರಿಗೆ ಅರ್ಧ ಗಂಟೆ ಸೇರಿಸಿ. ಅರವತ್ತು ದಾಟಿದವರಿದ್ದರೆ ಅರ್ಧದ ಬದಲು ಪೂರ್ತಿ ಒಂದು ಗಂಟೆ ಸೇರಿಸಿ. ಎಡ್ ಲೆವಿನ್ ಪಾರ್ಕಿನಿಂದ ಮಾನ್ಯುಮೆಂಟ್ ಪೀಕ್‌ಗೆ ಹೋಗಿಬರಲು 7 ಮೈಲಿ ದಾಟುತ್ತದೆ, ಏರು 2,200 ಅಡಿಗೂ ಮೇಲೆ. ಲೆಕ್ಕ ಹಾಕಿದರೆ ನಡಿಗೆಯೇ ನಾಲ್ಕೂವರೆಯಿಂದ ಐದು ಗಂಟೆ, ಊಟದ ಬಿಡುವು ಬೇರೆ. “ಏಳೇ ಮೈಲಿ, ಎರಡು ಗಂಟೆಯಲ್ಲಿ ಬಂದುಬಿಡೋಣ” ಎಂದು ಒಂದೇ ಬಾಟಲಿ ಹಿಡಿದು ಹೊರಟವರು ದಾರಿ ಮಧ್ಯೆ ಕೂರುವುದು ಇದಕ್ಕೇ.

ನೀರು ತಲೆಗೆ ಗಂಟೆಗೆ ಅರ್ಧ ಲೀಟರ್. ಬಿಸಿಲಿನ ದಿನ ಒಂದು ಲೀಟರ್. ಗುಡ್ಡದ ಮೇಲೆ ನಲ್ಲಿ ಇರುತ್ತದೆ ಎಂದು ನಂಬಿ ಹೋಗಬೇಡಿ. ಅರ್ಧ ನೀರು ಮುಗಿದರೆ, ತುದಿ ಎಷ್ಟೇ ಹತ್ತಿರ ಕಂಡರೂ ಹಿಂದಿರುಗಿ. ಬರೀ ನೀರು ಕುಡಿದರೆ ಬೆವರಿನಲ್ಲಿ ಹೋದ ಉಪ್ಪು ತುಂಬುವುದಿಲ್ಲ. ಉಪ್ಪುಕಡಲೆಯೋ, ಉಪ್ಪಿನಕಾಯಿ ಹಚ್ಚಿದ ಚಪಾತಿಯೋ, ಚಿತ್ರಾನ್ನವೋ ಜೊತೆಗಿರಲಿ. ಮೊಸರನ್ನ ಬೇಸಗೆಯಲ್ಲಿ ಕಾರಿನ ಡಿಕ್ಕಿಯಲ್ಲಿ ಹುಳಿಯಾಗುತ್ತದೆ, ಐಸ್ ಪೆಟ್ಟಿಗೆಯಲ್ಲಿಡಿ.

ಪಾರ್ಕುಗಳು ತೆರೆಯುವುದು ಬೆಳಿಗ್ಗೆ 8ಕ್ಕೆ, ಮುಚ್ಚುವುದು ಸೂರ್ಯಾಸ್ತಕ್ಕೆ. ಡಿಸೆಂಬರ್‌ನಲ್ಲಿ ಸೂರ್ಯ ಮುಳುಗುವುದು ಐದು ಗಂಟೆಗೂ ಮುಂಚೆ. ನವೆಂಬರ್‌ನಲ್ಲಿ ಗಡಿಯಾರ ಹಿಂದಿಟ್ಟ ಮೊದಲ ವಾರಾಂತ್ಯದಲ್ಲಿ ಹೆಚ್ಚು ಜನ ಎಡವುವುದು ಇಲ್ಲೇ. ಸೂರ್ಯಾಸ್ತಕ್ಕೆ ಒಂದು ಗಂಟೆ ಮೊದಲೇ ಕಾರಿನ ಬಳಿ ಇರುವಂತೆ ಲೆಕ್ಕ ಹಾಕಿ. ಕಣಿವೆಗಳ ಒಳಗೆ ಫೋನ್ ಸಿಗ್ನಲ್ ಇರುವುದಿಲ್ಲ. ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಳ್ಳಿ, ಪ್ರವೇಶದ ಫಲಕದಲ್ಲಿರುವ ನಕ್ಷೆಯ ಫೋಟೊ ತೆಗೆದುಕೊಳ್ಳಿ. ದಾರಿ ಕವಲೊಡೆಯುವ ಕಡೆ ಕಂಬದ ಮೇಲೆ ಟ್ರೇಲಿನ ಹೆಸರು ಇರುತ್ತದೆ. ಪ್ರತಿ ಕವಲಿನಲ್ಲೂ ನಿಂತು ಓದಿ, ಹಿಂದೆ ಬರುವವರು ಕಾಣುವವರೆಗೆ ಕಾಯಿರಿ. ಗುಂಪು ಚದುರುವುದು ಕವಲಿನಲ್ಲೇ.

ಯಾರಿಗೆ ಯಾವುದು

ಅಜ್ಜ ಅಜ್ಜಿ, ತಳ್ಳುಗಾಡಿಯ ಮಗು ಇದ್ದರೆ ಲಾಸ್ ಗಾಟೋಸ್‌ನ ವಸೋನಾ ಲೇಕ್. ಟಾರು ಹಾಕಿದ ಸಮತಟ್ಟಾದ ದಾರಿ, ಕೆರೆ, ಬಾತುಕೋಳಿ, ಮರದ ನೆರಳಿನಲ್ಲಿ ಮೇಜುಗಳು. ಸೈಕಲ್ ಕಲಿತ ಮಕ್ಕಳಿಗೆ ಹೆಲ್ಯರ್ ಪಾರ್ಕಿನಿಂದ ಮಾರ್ಗನ್ ಹಿಲ್ ಕಡೆಗೆ ಹೋಗುವ ಕೊಯೋಟಿ ಕ್ರೀಕ್ ಟ್ರೇಲ್, ಸುಮಾರು 15 ಮೈಲಿ. ಎಲ್ಲಿ ಬೇಕಾದರೂ ಹಿಂದಿರುಗಬಹುದು. ಹೆಲ್ಮೆಟ್ ಮರೆಯಬೇಡಿ. ರಾಂಚೊ ಸ್ಯಾನ್ ಆಂಟೊನಿಯೊದಲ್ಲಿ ಡಿಯರ್ ಹಾಲೊ ಫಾರ್ಮ್‌ವರೆಗೆ ಹೆಚ್ಚುಕಮ್ಮಿ ಒಂದು ಮೈಲಿ, ಸುಲಭದ ದಾರಿ. ಆಡು, ಕೋಳಿ, ಹಸು ನೋಡಿ ಮಕ್ಕಳು ಕುಣಿಯುತ್ತಾರೆ. ಆದರೆ ಶನಿವಾರ, ಭಾನುವಾರ ಬೆಳಿಗ್ಗೆಯೇ ಪಾರ್ಕಿಂಗ್ ತುಂಬುತ್ತದೆ. ಬೇಗ ಹೋಗಿ, ಇಲ್ಲವೇ ವಾರದ ದಿನ ಹೋಗಿ.

ಮಳೆಯ ಮರುದಿನ ಗುಡ್ಡ ಬೇಡ. ಇಲ್ಲಿನ ಅಡೋಬಿ ಜೇಡಿಮಣ್ಣು ನಮ್ಮ ಬಿಜಾಪುರ, ಧಾರವಾಡದ ಎರೆಮಣ್ಣಿನ ಹಾಗೆಯೇ. ಒದ್ದೆಯಾದಾಗ ಹೆಜ್ಜೆಗೊಂದು ಪದರ ಬೂಟಿಗೆ ಅಂಟಿ ಕಾಲೇ ಎತ್ತಲಾಗುವುದಿಲ್ಲ, ಇಳಿಜಾರಿನಲ್ಲಿ ಜಾರುತ್ತದೆ. ಮೇಲಾಗಿ ಆಗ ತುಳಿದ ಗುಂಡಿಗಳು ಬೇಸಗೆಯಲ್ಲಿ ಕಲ್ಲಿನಂತೆ ಗಟ್ಟಿಯಾಗಿ ಮುಂದಿನವರ ಪಾದ ಉಳುಕಿಸುತ್ತವೆ. ಆ ದಿನಗಳಿಗೆ ಕೊಲ್ಲಿಯ ಅಂಚಿನ ಆಲ್ವಿಸೊ ಮರೀನಾ ಇದೆ: ಸಮತಟ್ಟು, ಚಳಿಗಾಲದಲ್ಲಿ ವಲಸೆ ಬಂದ ನೀರುಹಕ್ಕಿಗಳು. ಗಾಳಿ ಜೋರು, ಸ್ವೆಟರ್ ಬೇಕು. ಉವಾಸ್‌ನ ಒಂದು ಮೈಲಿಯ ಜಲಪಾತದ ಸುತ್ತು ಮಾತ್ರ ಇಲ್ಲಿ ಮಳೆ ಬರುವ ಚಳಿಗಾಲದಲ್ಲೇ ಚೆಂದ, ಆಗಸ್ಟ್‌ನಲ್ಲಿ ಹೋದರೆ ಸಣ್ಣ ತೊರೆಯಷ್ಟೇ.

ಚರಿತ್ರೆ ಇಷ್ಟಪಡುವವರಿಗೆ ಆಲ್ಮಡೆನ್ ಕ್ವಿಕ್‌ಸಿಲ್ವರ್. ಇಲ್ಲಿನ ಮೂಲನಿವಾಸಿ ಓಲೋನಿ ಜನ ಮೈಗೆ ಬಣ್ಣ ಹಚ್ಚಿಕೊಳ್ಳಲು ಬಳಸುತ್ತಿದ್ದ ಇಂಗಳೀಕದ ಗುಡ್ಡ ಇದು. ಅದು ಪಾದರಸದ ಅದಿರು ಎಂದು 1845ರಲ್ಲಿ ಗೊತ್ತಾಯಿತು. ಆಮೇಲೆ ಕ್ಯಾಲಿಫೋರ್ನಿಯಾದ ಚಿನ್ನವನ್ನು ಅದಿರಿನಿಂದ ಬೇರ್ಪಡಿಸಲು ಇಲ್ಲಿಂದಲೇ ಪಾದರಸ ಹೋಯಿತು. ಕುಲುಮೆಗಳ ಅವಶೇಷ, ಗಣಿ ಕಾರ್ಮಿಕರ ಊರಿನ ಕುರುಹು ಈಗಲೂ ಇವೆ. ದಾರಿ ಬಿಟ್ಟು ಹೋಗಬೇಡಿ. ಸುತ್ತಲಿನ ಜಲಾಶಯಗಳ ಮೀನಿನಲ್ಲಿ ಇನ್ನೂ ಪಾದರಸವಿದೆ, ತಿನ್ನಬಾರದೆಂಬ ಫಲಕ ಹಾಕಿರುತ್ತಾರೆ.

ಗ್ರಾಂಟ್ ಪಾರ್ಕಿಗೆ ಹೋಗುವ ಮೌಂಟ್ ಹ್ಯಾಮಿಲ್ಟನ್ ರಸ್ತೆ ಉದ್ದಕ್ಕೂ ತಿರುವು. ವಾಂತಿಯಾಗುವವರು ಮುಂದಿನ ಸೀಟಿನಲ್ಲಿ ಕೂರಲಿ, ಹೊರಡುವ ಮುನ್ನ ಹೊಟ್ಟೆ ತುಂಬಾ ತಿನ್ನುವುದು ಬೇಡ. ಪೆಟ್ರೋಲ್ ಪಟ್ಟಣದಲ್ಲೇ ತುಂಬಿಸಿಕೊಳ್ಳಿ. ಅದೇ ರಸ್ತೆ ಮುಂದೆ 4,200 ಅಡಿ ಎತ್ತರದ, 1888ರಿಂದ ಇರುವ ಲಿಕ್ ವೀಕ್ಷಣಾಲಯಕ್ಕೆ ಹೋಗುತ್ತದೆ.

ಸೊನೆ, ಉಣುಗು, ಹಾವು

ಪಾಯ್ಸನ್ ಓಕ್ ಗಿಡವನ್ನು ಮನೆಯವರೆಲ್ಲರೂ ಗುರುತು ಹಿಡಿಯಲೇಬೇಕು. ಒಂದು ತೊಟ್ಟಿಗೆ ಮೂರು ಎಲೆ, ವಸಂತದಲ್ಲಿ ಹೊಳಪು ಹಸಿರು, ಬೇಸಗೆಯ ಕೊನೆಗೆ ಕೆಂಪು. ಚಳಿಗಾಲದಲ್ಲಿ ಎಲೆಯುದುರಿ ಬರೀ ಕಡ್ಡಿಯಾಗಿರುತ್ತದೆ, ಆಗಲೂ ಮೈಗೆ ತಾಗಿದರೆ ಗುಳ್ಳೆ ಎಬ್ಬಿಸುವ ಎಣ್ಣೆ ಇರುತ್ತದೆ. ಮಾವು, ಗೇರು, ಇದು ಮೂರೂ ಒಂದೇ ಕುಟುಂಬದವು. ಮಾವಿನ ಸೊನೆ ತಗುಲಿದರೆ ತುಟಿ ಸುಡುವವರು ವಿಶೇಷ ಎಚ್ಚರ ವಹಿಸಲಿ, ಇದರ ಎಣ್ಣೆ ಅದಕ್ಕಿಂತ ಬಲು ತೀವ್ರ. ತಗುಲಿದರೆ ತಕ್ಷಣ ತಣ್ಣೀರು, ಸೋಪಿನಿಂದ ಚೆನ್ನಾಗಿ ಉಜ್ಜಿ ತೊಳೆಯಿರಿ. ತಡವಾದಷ್ಟೂ ಚರ್ಮಕ್ಕೆ ಇಳಿಯುತ್ತದೆ. ಬಟ್ಟೆ, ಬೂಟಿನ ದಾರ, ನಾಯಿಯ ಕೂದಲಿಗೂ ಅಂಟಿ ಬರುತ್ತದೆ. ಒಂದೆರಡು ದಿನ ಬಿಟ್ಟು ಗುಳ್ಳೆ ಎದ್ದಾಗ ಬಹಳ ಜನರಿಗೆ ಕಾರಣವೇ ಹೊಳೆಯುವುದಿಲ್ಲ.

ಮಲೆನಾಡಿನವರಿಗೆ ಉಣುಗಿನ ಪರಿಚಯ ಹೇಳಬೇಕಿಲ್ಲ. ಇಲ್ಲಿನ ಉಣುಗು ಲೈಮ್ ಕಾಯಿಲೆ ಹರಡಬಲ್ಲದು. ಹುಲ್ಲಿನ ಅಂಚಿಗೆ ತಾಗದೆ ದಾರಿಯ ನಡುವೆ ನಡೆಯಿರಿ, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ. ಕಚ್ಚಿಕೊಂಡಿದ್ದರೆ ಚಿಮ್ಮಟದಿಂದ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು ನೇರವಾಗಿ ಮೇಲಕ್ಕೆ ಎಳೆಯಿರಿ. ಎಣ್ಣೆ ಹಚ್ಚುವುದು, ಬೆಂಕಿ ತಾಗಿಸುವುದು ಬೇಡ.

ಬೆಚ್ಚಗಿನ ದಿನಗಳಲ್ಲಿ ರ‍್ಯಾಟಲ್ ಹಾವು ದಾರಿಯಲ್ಲೇ ಮಲಗಿರುತ್ತದೆ. ಈ ವಿಷದ ಹಾವಿನ ಬಾಲದ ಗಿಲಕಿಯ ಸದ್ದು ಪ್ರತಿ ಸಲವೂ ಬರುವುದಿಲ್ಲ. ಕಿವಿಗೆ ಇಯರ್‌ಫೋನ್ ಬೇಡ, ಕಲ್ಲಿನ ಸಂದಿಯಲ್ಲಿ ಕೈ ಹಾಕಬೇಡಿ. ಕಚ್ಚಿದರೆ ಕಟ್ಟುವುದು, ಕೊಯ್ಯುವುದು, ಹೀರುವುದು ಮಾಡದೆ ಉಂಗುರ, ಬಳೆ ತೆಗೆದು, ಆ ಭಾಗವನ್ನು ಅಲ್ಲಾಡಿಸದೆ 911ಕ್ಕೆ ಕರೆ ಮಾಡಿ. ಚಿರತೆಯಂಥ ಮೃಗ ಮೌಂಟನ್ ಲಯನ್ ಎದುರಾಗುವುದು ತೀರಾ ಅಪರೂಪ. ಎದುರಾದರೆ ಓಡಬೇಡಿ, ಮಕ್ಕಳನ್ನು ಎತ್ತಿಕೊಳ್ಳಿ, ಕೈ ಮೇಲೆತ್ತಿ ಜೋರಾಗಿ ಕೂಗಿ, ಅದರ ಕಡೆ ಮುಖ ಇಟ್ಟೇ ಹಿಂದೆ ಸರಿಯಿರಿ.

ದಾರಿಯಲ್ಲಿ ಕುದುರೆ ಬಂದರೆ ಇಳಿಜಾರಿನ ಕಡೆಗೆ ಸರಿದು ನಿಂತು, ಸವಾರರಿಗೆ ಕೇಳುವಂತೆ ಮಾತಾಡಿ. ಸದ್ದಿಲ್ಲದೆ ನಿಂತವರನ್ನು ಕಂಡರೆ ಕುದುರೆ ಬೆದರುತ್ತದೆ. ಸೈಕಲಿನವರು ನಡೆಯುವವರಿಗೂ ಕುದುರೆಗೂ ದಾರಿ ಬಿಡಬೇಕು.

ವಾಪಸ್ ಹೊರಡುವ ಮುನ್ನ ಬೂಟಿನ ತಳದ ಮಣ್ಣನ್ನು ಪಾರ್ಕಿಂಗ್‌ನಲ್ಲೇ ಉಜ್ಜಿ ತೆಗೆಯಿರಿ. ಓಕ್ ಮರಗಳನ್ನು ಕೊಲ್ಲುವ ಸಡನ್ ಓಕ್ ಡೆತ್ ರೋಗ ಒದ್ದೆ ಮಣ್ಣಿನ ಜೊತೆ ಒಂದು ಕಾಡಿನಿಂದ ಇನ್ನೊಂದಕ್ಕೆ ಹೋಗುತ್ತದೆ. ಮನೆಗೆ ಬಂದ ಮೇಲೆ ಮಕ್ಕಳ ಕಿವಿಯ ಹಿಂದೆ, ಕಂಕುಳು, ಮಂಡಿಯ ಹಿಂಭಾಗ, ಸೊಂಟದ ಸುತ್ತ ಉಣುಗು ಇದೆಯೇ ನೋಡಿ. ನಡಿಗೆಯ ಬಟ್ಟೆಗಳನ್ನು ಬೇರೆಯವುಗಳ ಜೊತೆ ಸೇರಿಸದೆ ಬಿಸಿನೀರಿನಲ್ಲಿ ಒಗೆದು, ಡ್ರೈಯರ್‌ನಲ್ಲಿ ಜೋರು ಬಿಸಿಗೆ ಹಾಕಿ.