ಕಲ್ಲಿನ ಹೆಸರು ಕೊನೆಗೆ ಹೇಳೋದು

ನಾನು ಓದಿದ್ದು ಜಿಯಾಲಜಿ, ಹೊಟ್ಟೆಪಾಡೂ ಅದೇ. ಏನ್ ಓದಿದೀರಾ ಅಂತ ಯಾರಾದ್ರೂ ಕೇಳಿ ನಾನು ಹೇಳಿದ ಮೇಲೆ ಒಂದು "ಓ..." ಬರತ್ತಲ್ಲ, ಅದಾದ್ಮೇಲೆ ಸ್ವಲ್ಪ ಮೌನ, ಆಮೇಲೆ "ಅಂದ್ರೆ ಕಲ್ಲು ಮಣ್ಣು ಅಲ್ವಾ", ಇದೆಲ್ಲ ನನಗೆ ಬಾಯಿಪಾಠ ಆಗಿದೆ. ಈ ಬೇಜಾರಿಗೇ ಅಂತ ಇಟ್ಕೊಳಿ, ನಾವೊಂದಷ್ಟು ಗೆಳೆಯರು ಸೇರಿ ವರ್ಷಕ್ಕೆ ಎರಡು ಮೂರು ಸಲ ಜನರಿಗೋಸ್ಕರ ಕಲ್ಲಿನ ಕಾರ್ಯಕ್ರಮ ಮಾಡೋಕೆ ಶುರು ಮಾಡಿದ್ವಿ.

ಮೊದಲನೇದು ಪೂರ್ತಿ ಫ್ಲಾಪ್. ಉದ್ದಕ್ಕೆ ಟೇಬಲ್ ಹಾಕಿ ಬಿಳಿ ಬಟ್ಟೆ ಹಾಸಿ ನಲವತ್ತು ಸ್ಯಾಂಪಲ್ ಜೋಡಿಸಿ ಪ್ರತಿಯೊಂದಕ್ಕೂ ಚೀಟಿ, ಗೋಡೆ ಮೇಲೆ ಅಗ್ನಿಶಿಲೆ ಜಲಜಶಿಲೆ ರೂಪಾಂತರ ಶಿಲೆ ಅಂತ ಚಾರ್ಟು, ಸಾಲದ್ದಕ್ಕೆ "ದಯವಿಟ್ಟು ಮುಟ್ಟಬೇಡಿ" ಅಂತ ಒಂದು ಬೋರ್ಡು. ಕಲ್ಲನ್ನ ಮುಟ್ಟಬೇಡಿ ಅಂತೆ! ಕೋಟಿಗಟ್ಟಲೆ ವರ್ಷ ಮಳೆ ಗಾಳಿ ತಡ್ಕೊಂಡಿರೋದು ಒಂದು ಮಗು ಮುಟ್ಟಿದ್ರೆ ಹಾಳಾಗತ್ತಾ. ಜನ ಬಂದ್ರು, ಕೈ ಹಿಂದೆ ಕಟ್ಕೊಂಡು ಚೀಟಿ ಓದ್ಕೊಂಡು ಎರಡೇ ನಿಮಿಷದಲ್ಲಿ ಆ ಕಡೆಯಿಂದ ಹೊರಟ್ರು. ಮಧ್ಯಾಹ್ನ ನಾನು ನೋಡದೇ ಇರುವಾಗ ಒಂದು ಹುಡುಗಿ ಪ್ಯೂಮಿಸ್ ಕಲ್ಲು ಎತ್ತಿಬಿಟ್ಟು "ಅಮ್ಮಾ ಇದು ಥರ್ಮಾಕೋಲು!" ಅಂತ ಕಿರುಚಿದ್ಲು ನೋಡಿ, ಸುತ್ತ ಹತ್ತು ಜನ ಸೇರಿದ್ರು. ಒಂದು ಬಕೆಟ್ ನೀರು ತರಿಸಿ ಅದನ್ನ ತೇಲಿಸಿ ತೋರಿಸಿದೆ. ಜ್ವಾಲಾಮುಖಿಯಿಂದ ಬಂದ ಕಲ್ಲು, ಒಳಗೆಲ್ಲ ಗುಳ್ಳೆ, ಅದಕ್ಕೇ ತೇಲತ್ತೆ. ಬೋರ್ಡು ಅವತ್ತೇ ಕಿತ್ತು ಹಾಕಿದ್ವಿ.

ಅಲ್ಲಿಂದಾಚೆಗೆ ನಮ್ಮಲ್ಲಿ ಒಂದೇ ರೂಲ್, ಕಲ್ಲಿನ ಹೆಸರು ಕೊನೆಗೆ. ಮೊದಲು ಕೈಗೆ ಕೊಡೋದು, ಏನ್ ಕಾಣ್ತಿದೆ ಅಂತ ಕೇಳೋದು, ಅಷ್ಟೇ. ಕೇಳೋಕೆ ಸುಲಭ, ಆದ್ರೆ ಜಿಯಾಲಜಿ ಓದಿದವರಿಗೆ ಇದರಷ್ಟು ಕಷ್ಟದ್ದು ಇನ್ನೊಂದಿಲ್ಲ, ಯಾರೋ ಕಲ್ಲು ತಿರುಗಿಸಿ ನೋಡ್ತಾ ಇದ್ರೆ ನಾಲಿಗೆ ತುದೀಲಿ "ಪೋರ್ಫಿರಿಟಿಕ್" ಅನ್ನೋದು ಬಂದು ನಿಂತಿರತ್ತೆ. ತಡ್ಕೋಬೇಕು. ಹೆಸರು ಹೇಳಿದ ತಕ್ಷಣ ಅವರು ನೋಡೋದನ್ನ ನಿಲ್ಲಿಸ್ತಾರೆ, ಇದು ನಾನು ಎಷ್ಟೋ ಸಲ ಕಣ್ಣಾರೆ ನೋಡಿರೋದು. ಇನ್ನು ಹೆಸರು ಹೇಳೋ ಹೊತ್ತು ಬಂದಾಗಲೂ ಮೊದಲು ನಮ್ಮ ಹೆಸರು. ಕ್ವಾರ್ಟ್ಜ್ ಅಂದ್ರೆ ಮುಖ ನೋಡ್ತಾರೆ, ಬೆಣಚುಕಲ್ಲು ಅಂದ್ರೆ "ಅಯ್ಯೋ ಇದಾ, ಚಿಕ್ಕೋರಿದ್ದಾಗ ಎರಡು ಕಲ್ಲು ಕುಟ್ಟಿ ಕಿಡಿ ಹಾರಿಸ್ತಿದ್ವಿ" ಅಂತ ಶುರು ಆಗತ್ತೆ. ಮೈಕಾಗೆ ಕಾಗೆಬಂಗಾರ, ಟಾಲ್ಕ್‌ಗೆ ಬಳಪದ ಕಲ್ಲು. ಕುರುಂದದ ಕಲ್ಲು ತೋರಿಸಿ ಇಂಗ್ಲಿಷಿನ ಕೊರಂಡಮ್ ಅನ್ನೋ ಹೆಸರು ಹುಟ್ಟಿದ್ದೇ ನಮ್ಮ ದಕ್ಷಿಣದ ಭಾಷೆಯ ಪದದಿಂದ ಅಂದ್ರೆ ವಯಸ್ಸಾದವರಿಗೆ ಬಹಳ ಖುಷಿ.

ಲೆನ್ಸ್ ಬಗ್ಗೆ ಒಂದು ಮಾತು. ಹತ್ತು ಪಟ್ಟು ದೊಡ್ಡದಾಗಿ ತೋರಿಸೋ ಚಿಕ್ಕ ಲೆನ್ಸ್ ಕೊಟ್ರೆ ಎಲ್ಲರೂ ಅದನ್ನ ಕಲ್ಲಿನ ಹತ್ರ ಹಿಡಿದು ದೂರದಿಂದ ಪತ್ತೇದಾರಿ ಥರ ನೋಡ್ತಾರೆ, ಏನೂ ಕಾಣಲ್ಲ, ಸುಮ್ನೆ ವಾಪಸ್ ಕೊಡ್ತಾರೆ. ಲೆನ್ಸು ಕಣ್ಣಿಗೆ ಅಂಟಿಸಿದ ಹಾಗೆ ಹಿಡ್ಕೊಂಡು ಕಲ್ಲನ್ನ ಹತ್ರ ತರಬೇಕು. ಇಷ್ಟು ಹೇಳಿಕೊಟ್ರೆ ಗ್ರಾನೈಟ್ ಒಳಗಿನ ಗುಲಾಬಿ ಫೆಲ್ಡ್‌ಸ್ಪಾರು, ಗಾಜಿನ ಚೂರಿನ ಥರದ ಬೆಣಚು, ಕಪ್ಪು ಕಾಗೆಬಂಗಾರ ಎಲ್ಲ ಬೇರೆಬೇರೆಯಾಗಿ ಕಾಣ್ಸತ್ತೆ, ಆಗ ಬರೋದು ಬೇರೆ ಥರದ "ಓ".

ಎಲ್ಲಾ ಕಡೆ ಮಾಡೋ ವಿನೆಗರ್-ಅಡುಗೆ ಸೋಡಾ ಜ್ವಾಲಾಮುಖಿ ನಾವು ಮಾಡಲ್ಲ. ನೊರೆ ಚೆನ್ನಾಗಿ ಬರತ್ತೆ, ಆದ್ರೆ ಕಲಿಸೋದು ತಪ್ಪು, ಆಮ್ಲಕ್ಕೆ ಕ್ಷಾರ ಬಿದ್ದು ಯಾವ ಜ್ವಾಲಾಮುಖಿನೂ ಸಿಡಿಯಲ್ಲ. ಅದರ ಬದಲು ಅಲುಗಾಡಿಸಿದ ಸೋಡಾ ಬಾಟಲಿ ಮುಚ್ಚಳ ತೆಗೀತೀವಿ. ಒಳಗೆ ಕರಗಿದ್ದ ಗ್ಯಾಸು ಒತ್ತಡ ಇಳಿದ ತಕ್ಷಣ ಗುಳ್ಳೆಯಾಗಿ ನುಗ್ಗೋದು, ಶಿಲಾಪಾಕದಲ್ಲೂ, ಅಂದ್ರೆ ಭೂಮಿಯೊಳಗಿನ ಕರಗಿದ ಕಲ್ಲಲ್ಲೂ, ನಡೆಯೋದು ಹೆಚ್ಚುಕಮ್ಮಿ ಅದೇ. ವಿನೆಗರ್ ಬೇಕಾಗೋದು ಸುಣ್ಣಕಲ್ಲಿಗೆ, ಹನಿ ಬಿದ್ರೆ ನೊರೆ ಬರತ್ತೆ. ಒಂದ್ಸಲ ಅದರಲ್ಲೂ ಮಾನ ಹೋಗೋದ್ರಲ್ಲಿತ್ತು. ಅಮೃತಶಿಲೆ, ಅದೂ ಸುಣ್ಣಕಲ್ಲಿಂದಲೇ ಆಗಿದ್ದು, ಅದರ ತುಂಡಿಗೆ ಹನಿ ಹಾಕಿ ಈಗ ನೊರೆ ಬರತ್ತೆ ನೋಡಿ ಅಂದೆ, ಬರಲಿಲ್ಲ. ಇನ್ನೊಂದು ಹನಿ. ಇಲ್ಲ. ಮೂವತ್ತು ಜನ ನೋಡ್ತಾ ನಿಂತಿದಾರೆ. ಆಮೇಲೆ ಹೊಳೀತು, ಇದು ಡೊಲೊಮೈಟ್ ಅನ್ನೋ ಖನಿಜ ಜಾಸ್ತಿ ಇರೋ ಅಮೃತಶಿಲೆ, ಪುಡಿ ಮಾಡದೆ ಇದು ಮಾತಾಡಲ್ಲ ಅಂತ. ಮೊಳೆಯಲ್ಲಿ ಕೆರೆದು ಆ ಪುಡಿ ಮೇಲೆ ಹಾಕಿದ್ರೆ ಒಂದೊಂದೇ ಸಣ್ಣ ಗುಳ್ಳೆ, ಜನ ಲೆನ್ಸಿಗೆ ಕ್ಯೂ ನಿಂತು ನೋಡಿದ್ರು. ಸಲೀಸಾಗಿ ನೊರೆ ಬಂದಿದ್ರೆ ಅಷ್ಟು ಹೊತ್ತು ಯಾರೂ ನಿಲ್ತಿರಲಿಲ್ಲ ಅನ್ಸತ್ತೆ.

"ನಿಮ್ಮ ಕಲ್ಲು ತನ್ನಿ" ಅಂತ ಒಂದು ಟೇಬಲ್ ಇಟ್ಟ ಮೇಲಂತೂ ನಮ್ಮ ಸ್ಯಾಂಪಲ್ ಕೇಳೋರೇ ಇಲ್ಲ. ಬರೋ ಕಲ್ಲಲ್ಲಿ ಅರ್ಧಕ್ಕರ್ಧ "ಇದು ಉಲ್ಕಾಶಿಲೆ ಅಲ್ವಾ ಸರ್" ಅಂತಾನೇ ಬರೋದು, ಇಲ್ಲಿತನಕ ಒಂದೂ ಉಲ್ಕಾಶಿಲೆ ಆಗಿಲ್ಲ, ಹೆಚ್ಚಿನವು ಕಬ್ಬಿಣದ ಕಿಟ್ಟ, ಅಂದ್ರೆ ಅದಿರು ಕಾಯಿಸಿ ಕಬ್ಬಿಣ ತೆಗೆದಾಗ ಉಳಿಯೋ ಕಸ. ಮ್ಯಾಗ್ನೆಟ್ ಅಂಟ್ಕೊಳ್ಳತ್ತೆ ಅಂತ ನಂಬಿಕೊಂಡು ಬರ್ತಾರೆ, ಆದ್ರೆ ಕಿಟ್ಟಕ್ಕೂ ಅಂಟತ್ತೆ, ಮ್ಯಾಗ್ನೆಟೈಟ್ ಅನ್ನೋ ಕಬ್ಬಿಣದ ಖನಿಜ ಇರೋ ಮಾಮೂಲಿ ಕಲ್ಲಿಗೂ ಅಂಟತ್ತೆ. ಮುಖಕ್ಕೆ ಹೊಡೆದ ಹಾಗೆ "ಅಲ್ಲ" ಅನ್ನಬಾರದು. ಒಬ್ಬ ಹುಡುಗನಿಗೆ ಗುಳ್ಳೆ ತೂತು ತೋರಿಸಿ, ಇದು ಒಂದು ಕಾಲದಲ್ಲಿ ಕುದೀತಿತ್ತು, ಉಲ್ಕಾಶಿಲೇಲಿ ಇಂಥ ತೂತು ಸಿಗೋದು ತೀರಾ ಅಪರೂಪ, ಹಾಗಾದ್ರೆ ಇದನ್ನ ಕುದಿಸಿದ್ದು ಯಾರು ಅಂತ ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ "ಯಾರೋ ಕಬ್ಬಿಣ ಮಾಡಿದಾರೆ" ಅಂದ. ನಮ್ಮ ಹೊಲದ ಹತ್ರ ಇನ್ನೂ ತುಂಬಾ ಇದೆ ಅಂತ ಉಲ್ಕೆ ಮರೆತು ಓಡಿದ.

ಕಾಲದ ಹಗ್ಗಾನೂ ಹೇಳ್ಬೇಕು. 46 ಮೀಟರ್ ಹಗ್ಗ, ಒಂದು ಮೀಟರಿಗೆ ಹತ್ತು ಕೋಟಿ ವರ್ಷ, ಒಂದು ತುದಿ ಭೂಮಿ ಹುಟ್ಟಿದ್ದು, ಇನ್ನೊಂದು ತುದಿ ಇವತ್ತು. ಬಟ್ಟೆ ಕ್ಲಿಪ್ಪು ಕೊಟ್ಟು ಡೈನೋಸಾರ್ ಎಲ್ಲಿ ಹಾಕ್ತೀರಾ ಅಂದ್ರೆ ಹತ್ತರಲ್ಲಿ ಒಂಬತ್ತು ಜನ ಹಗ್ಗದ ನಡುವಿಗೆ ಹಾಕ್ತಾರೆ, ದೊಡ್ಡವರೂ ಅಷ್ಟೇ. ಅಲ್ಲಿಂದ ನಡೆಸ್ಕೊಂಡು ಹೋಗ್ಬೇಕು. ಗಾಳೀಲಿ ಆಮ್ಲಜನಕ ಹೆಚ್ಚೋಕೆ ಶುರುವಾಗಿದ್ದೇ ಹೆಚ್ಚುಕಮ್ಮಿ ಆ ನಡುಮಧ್ಯದಲ್ಲಿ, ಇವತ್ತಿನ ತುದಿಯಿಂದ 24 ಮೀಟರ್ ದೂರದಲ್ಲಿ. ಡೈನೋಸಾರ್ ಬಂದಿದ್ದು ಅದೇ ತುದಿಯಿಂದ ಸುಮಾರು 2.3 ಮೀಟರಿಗೆ, ಹೋಗಿದ್ದು 66 ಸೆಂಟಿಮೀಟರಿಗೆ. ನಾವು, ಅಂದ್ರೆ ಮನುಷ್ಯರು, ಕೊನೇ 3 ಮಿಲಿಮೀಟರು, ಕ್ಲಿಪ್ಪು ಹಾಕೋಕೂ ಜಾಗ ಇಲ್ಲ.

ಪೇಟೆಯೊಳಗೇ ನಡಿಗೆ ಮಾಡೋದು ಇನ್ನೊಂದು, ಕಟ್ಟಡದ ಕಲ್ಲು ನೋಡ್ಕೊಂಡು. ಕೈಯಲ್ಲಿ ನೀರಿನ ಸ್ಪ್ರೇ ಬಾಟಲಿ ಇರಲಿ, ಒದ್ದೆ ಮಾಡಿದ್ರೆ ಬಣ್ಣ ಎದ್ದು ಬರತ್ತೆ. ಅಂಗಡಿಯವರು ಬ್ಲ್ಯಾಕ್ ಗ್ರಾನೈಟ್ ಅನ್ನೋದು ಗ್ರಾನೈಟೇ ಅಲ್ಲ, ಡೊಲೆರೈಟೋ ಗ್ಯಾಬ್ರೊನೋ ಅನ್ನೋ ಬೇರೆ ಕಪ್ಪು ಅಗ್ನಿಶಿಲೆ ಇರತ್ತೆ. ಬ್ಲೂ ಪರ್ಲ್ ಅಂತ ನೀಲಿ ಮಿಂಚೋ ಕಲ್ಲು ನಾರ್ವೆಯ ಲಾರ್ವಿಕೈಟ್, ಸುಮಾರು 29 ಕೋಟಿ ವರ್ಷದ್ದು. ಒಂದ್ಸಲ ಬ್ಯಾಂಕಿನ ಗೋಡೆ ಸವರ್ತಾ ಹದಿನೈದು ಜನ ನಿಂತಿದ್ದಕ್ಕೆ ಸೆಕ್ಯುರಿಟಿಯವರು ಬಂದು ವಿಚಾರಿಸಿದ್ರು, ಆಮೇಲೆ ಅವರೂ ಲೆನ್ಸ್ ಇಸ್ಕೊಂಡು ನೋಡಿದ್ರು ಅನ್ನಿ. ಅಕ್ಟೋಬರ್ 6 ಯುನೆಸ್ಕೊ ಘೋಷಿಸಿರೋ ಭೂವೈವಿಧ್ಯ ದಿನ, ಅವತ್ತು ಇಟ್ಕೊಂಡ್ರೆ ಪರ್ಮಿಷನ್ ಕೇಳೋದು ಸುಲಭ ಆಗತ್ತೆ.

ನನಗೇ ಪಾಠ ಆಗಿದ್ದು ಮಾತ್ರ ಕಣ್ಣು ಕಾಣದ ಒಬ್ಬ ಹುಡುಗಿ ಬಂದಾಗ. ಅವಳಿಗೆ ಏನ್ ತೋರಿಸೋದು ಅಂತ ನಾವು ತಡವರಿಸ್ತಿದ್ವಿ, ಅವಳೇ ಕೈ ಚಾಚಿದ್ಲು. ಗಲೀನಾ ಎತ್ತಿ ನಕ್ಕಳು, ಅದು ಸೀಸದ ಅದಿರು, ಬೆಣಚಿಗಿಂತ ಮೂರು ಪಟ್ಟು ಹತ್ರ ಹತ್ರ ಭಾರ, ಸೀಸ ಅಂತ ನಾವದನ್ನ ಯಾವಾಗಲೂ ಜಿಪ್ ಕವರಿನಲ್ಲೇ ಇಡೋದು. ಆಮೇಲೆ ಒಂದೇ ಸೈಜಿನ ಬೆಣಚಿನ ಹರಳು, ಗಾಜಿನ ತುಂಡು ಎರಡನ್ನೂ ಕೊಟ್ಟೆ, ನೋಡೋಕೆ ಎರಡೂ ಒಂದೇ ಥರ ಹೊಳೆಯೋದು. ಎರಡನ್ನೂ ಕೆನ್ನೆಗೆ ಒತ್ಕೊಂಡು "ಇದು ಬೇರೆ ಸರ್, ಇದು ತಣ್ಣಗಿದೆ" ಅಂತ ಬೆಣಚನ್ನ ವಾಪಸ್ ಕೊಟ್ಲು. ಬೆಣಚಿನ ಹರಳು ಗಾಜಿಗಿಂತ ಬೇಗ ಶಾಖ ಎಳ್ಕೊಳ್ಳತ್ತೆ ಅಂತ ಪುಸ್ತಕದಲ್ಲಿ ಓದಿದ್ದೆ, ಇಷ್ಟು ವರ್ಷದಲ್ಲಿ ಒಂದು ದಿನಾನೂ ಕೆನ್ನೆಗೆ ಇಟ್ಟು ನೋಡಿರಲಿಲ್ಲ. ಈಗ ನಮ್ಮಲ್ಲಿ ಒಂದು ಟೇಬಲ್ ಪೂರ್ತಿ ಕಣ್ಣಿಗೆ ಬಟ್ಟೆ ಕಟ್ಕೊಂಡು ಆಡೋದೇ.

ಜಾಡಿ ಒಂದು ಬಾಕಿ. ಬೆಳಿಗ್ಗೆ ಬಂದ ತಕ್ಷಣ ಗಾಜಿನ ಜಾಡೀಲಿ ಜಲ್ಲಿ, ಮರಳು, ಜೇಡಿಮಣ್ಣು, ನೀರು ಹಾಕಿ ಕುಲುಕಿ ಇಟ್ಟುಬಿಡ್ತೀವಿ. ಜಲ್ಲಿ ತಕ್ಷಣ ಕೂರತ್ತೆ, ಹಿಂದೇನೇ ಮರಳು, ಜೇಡಿ ಮಾತ್ರ ಸಂಜೆ ಆದ್ರೂ ಕೂರಲ್ಲ. ಕೆಳಗಿನ ಪದರ ಹಳೇದು ಮೇಲಿಂದು ಹೊಸದು ಅಂತ 1669ರಲ್ಲಿ ಡೆನ್ಮಾರ್ಕಿನ ವಿಜ್ಞಾನಿ ಸ್ಟೆನೊ ಬರೆದಿಟ್ಟಿದ್ದನ್ನ ಇದ್ರಲ್ಲೇ ಹೇಳೋದು. ಕಿಟ್ಟ ತಂದಿದ್ನಲ್ಲ ಆ ಹುಡುಗ, ಪ್ಯಾಕ್ ಮಾಡೋವಾಗ ವಾಪಸ್ ಬಂದು, ನೀರು ತಿಳಿಯಾಗೋದು ನೋಡ್ಬೇಕು ಅಂತ ಜಾಡಿ ಕೇಳಿ ಇಸ್ಕೊಂಡು ಹೋದ. ನಾಲ್ಕು ತಿಂಗಳಾದ್ಮೇಲೆ ಮುಂದಿನ ಕಾರ್ಯಕ್ರಮಕ್ಕೆ ಅದನ್ನ ಎದೆಗೆ ಅವಚಿಕೊಂಡು ಬಂದ. ನೀರು ತಿಳಿ, ಆದ್ರೆ ಪದರ ಎರಡು ಸಲ ಇದೆ, ಜಲ್ಲಿ ಮರಳು ಜೇಡಿ, ಮತ್ತೆ ಮರಳು ಜೇಡಿ. "ನಾನೇ ಇನ್ನೊಂದ್ಸಲ ಪ್ರವಾಹ ಬರಿಸಿದೆ ಸರ್" ಅಂದ. ಲೆನ್ಸ್ ಹಿಡಿದು ನೋಡಿದ್ರೆ ಎರಡನೇ ಸಲದ ಮರಳು ಕೆಳಗಿನ ಮೆತ್ತಗಿನ ಜೇಡಿಯೊಳಗೆ ಅಲ್ಲಲ್ಲಿ ಗುಂಡಗೆ ಇಳಿದು ಕೂತಿತ್ತು, ನಿಜವಾದ ಮರಳುಗಲ್ಲಿನ ಅಡಿಯಲ್ಲಿ ಕಾಣ್ಸತ್ತಲ್ಲ ಹಾಗೇ. ನಾನು ಬಾಯಿ ತೆಗೀಲಿಲ್ಲ, ಲೆನ್ಸು ಅವನ ಕೈಗೆ ಕೊಟ್ಟು ಏನ್ ಕಾಣ್ತಿದೆ ಅಂದೆ.